ನೆಟ್ಟು ಮರೆತ ಬೀ ಬಾಮ್: ಒಂದು ಮಡಿಯ ಆರು ವರ್ಷ

2022ರ ಏಪ್ರಿಲ್ ಕೊನೆಯ ವಾರ. ಅಮ್ಮ ತೀರ್ಥಹಳ್ಳಿಯಿಂದ ಅಮೆರಿಕದ ನಮ್ಮ ಮನೆಗೆ ಬಂದು ಹತ್ತು ದಿನ ಆಗಿತ್ತು. ನಿದ್ದೆಯ ಹೊತ್ತು ಇನ್ನೂ ಸರಿಹೋಗಿರಲಿಲ್ಲ. ಬೆಳಗಿನ ಜಾವವೇ ಎದ್ದು, ಸ್ವೆಟರ್ ಮೇಲೆ ಶಾಲು ಹೊದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಅವತ್ತು ಬೇಲಿ ಹತ್ತಿರದಿಂದ ಕೂಗಿದಳು.

"ಪುಟ್ಟೀ, ಇಲ್ಲಿ ಬಾರೇ. ಇದೇನಿದು, ಸುತ್ತ ಚಿಗುರಿದೆ, ನಡುವೆ ಬೋಳು?"

ಹೋಗಿ ನೋಡಿದೆ. ನನ್ನ ಬೀ ಬಾಮ್ ಹೂಗಿಡದ ಮಡಿ. ನಾಲ್ಕು ಅಡಿ ಅಗಲದ ಬಳೆಯ ಹಾಗೆ ಕಾಣುತ್ತಿತ್ತು. ಅಂಚಿನಲ್ಲೆಲ್ಲ ನಸುಗೆಂಪು ಚಿಗುರು ಒತ್ತಾಗಿ ಎದ್ದಿತ್ತು. ನಡುವೆ ಹಿಂದಿನ ವರ್ಷದ ಒಣಕಡ್ಡಿ ಮತ್ತು ಬರಿ ಮಣ್ಣು. ಮೂರು ವರ್ಷದ ಹಿಂದೆ ನಾನು ಗಿಡ ನೆಟ್ಟಿದ್ದು ಸರಿಯಾಗಿ ಆ ಬೋಳು ಜಾಗದಲ್ಲೇ.

ಆ ಮಡಿಯಲ್ಲಿ 2019ರಿಂದ 2025ರವರೆಗೆ ಏನೇನಾಯಿತು ಅಂತ ಇಲ್ಲಿ ಬರೆದಿದ್ದೇನೆ. ನನಗೆ ಗೊತ್ತಿರುವ ಎರಡು ಮೂರು ಮನೆಗಳಲ್ಲಿ ಇದೇ ಗಿಡವನ್ನು ಆಸೆಯಿಂದ ತಂದು, ಮೂರನೇ ವರ್ಷ ಬೇಜಾರಾಗಿ ಕಿತ್ತು ಎಸೆದಿದ್ದಾರೆ. ನಾನೂ ಎಸೆಯುವವಳೇ ಇದ್ದೆ.

ಗಿಡ ಮತ್ತು ಜಾಗ

ನಮ್ಮದು ನ್ಯೂಜೆರ್ಸಿಯ ನಡುಭಾಗ. ಕೆಂಪು ಜೇಡಿಮಣ್ಣು. ಮಳೆ ಬಂದರೆ ಬೂಟಿಗೆ ಅಂಟುತ್ತದೆ, ಬಿಸಿಲು ಬಂದರೆ ಇಟ್ಟಿಗೆಯಾಗುತ್ತದೆ. ಜಿಂಕೆಗಳ ಕಾಟ ವಿಪರೀತ. ಮೊದಲ ವರ್ಷ ಟ್ಯೂಲಿಪ್ ನೆಟ್ಟೆ, ಮೊಗ್ಗು ಬಂದ ರಾತ್ರಿಯೇ ತಿಂದು ಹೋದವು. ಹೋಸ್ಟಾ ನೆಟ್ಟೆ, ಅದೂ ಅಷ್ಟೇ. ಹಾಗಾಗಿ ಜಿಂಕೆ ಮುಟ್ಟದ ಗಿಡ ಯಾವುದು ಅಂತ ಹುಡುಕುತ್ತಾ ಬೀ ಬಾಮ್‌ಗೆ ಬಂದೆ. ಎಲೆಯ ವಾಸನೆ ಜೋರು, ಅದಕ್ಕೇ ಜಿಂಕೆಗಳಿಗೆ ಇಷ್ಟವಾಗುವುದಿಲ್ಲ. ಎಳೆ ಚಿಗುರನ್ನು ಮೊಲ ಒಮ್ಮೊಮ್ಮೆ ಕಡಿದದ್ದಿದೆ, ಅಷ್ಟೇ.

ಇದು ಇಲ್ಲಿನದೇ ಗಿಡ. ಅಮೆರಿಕದ ಪೂರ್ವ ಭಾಗದ ಕಾಡಿನ ಅಂಚು, ಹೊಳೆ ದಂಡೆಗಳಲ್ಲಿ ತಾನಾಗಿ ಬೆಳೆಯುತ್ತದೆ. ಕೆಂಪು ಹೂವಿನದು ಮೊನಾರ್ಡಾ ಡಿಡಿಮಾ. ತಿಳಿ ನೇರಳೆ ಹೂವಿನ ಇನ್ನೊಂದು ಜಾತಿ ಮೊನಾರ್ಡಾ ಫಿಸ್ಟುಲೋಸಾ, ಅದು ಒಣ ಬಯಲಲ್ಲೂ ಬದುಕುತ್ತದೆ. ಮೊನಾರ್ಡಾ ಅನ್ನುವ ಹೆಸರು 16ನೇ ಶತಮಾನದ ಸ್ಪೇನಿನ ವೈದ್ಯ ನಿಕೊಲಾಸ್ ಮೊನಾರ್ದೆಸ್ ನೆನಪಿಗೆ ಇಟ್ಟದ್ದು. ಅಮೆರಿಕದ ಗಿಡಮೂಲಿಕೆಗಳ ಬಗ್ಗೆ ಪುಸ್ತಕ ಬರೆದ ಈ ಮಹಾಶಯ ಒಮ್ಮೆಯೂ ಅಮೆರಿಕಕ್ಕೆ ಬಂದವನಲ್ಲ! ಸೆವಿಲ್ ಬಂದರಿಗೆ ಹಡಗಿನಲ್ಲಿ ಬಂದದ್ದನ್ನು ನೋಡಿ ಬರೆದ. ಒಸ್ವೇಗೊ ಟೀ ಅಂತಲೂ ಈ ಗಿಡಕ್ಕೆ ಹೆಸರಿದೆ. ಒಂಟಾರಿಯೊ ಸರೋವರದ ದಂಡೆಯ ಒಸ್ವೇಗೊದಲ್ಲಿ 1743ರಲ್ಲಿ ಸಸ್ಯಶಾಸ್ತ್ರಜ್ಞ ಜಾನ್ ಬಾರ್ಟ್ರಮ್ ಇದರ ಬೀಜ ಸಂಗ್ರಹಿಸಿ ಇಂಗ್ಲೆಂಡಿಗೆ ಕಳಿಸಿದ. ಬರ್ಗಮಾಟ್ ಅನ್ನುವ ಹೆಸರೂ ಇರುವುದರಿಂದ, ಅರ್ಲ್ ಗ್ರೇ ಚಹಾದ ಪರಿಮಳ ಇದರದ್ದೇ ಅಂತ ತಿಳಿದವರಿದ್ದಾರೆ. ಅಲ್ಲ. ಅದು ಇಟಲಿ ಕಡೆಯ ಒಂದು ಜಾತಿಯ ಕಿತ್ತಳೆಯ ಸಿಪ್ಪೆಯ ಎಣ್ಣೆ. ವಾಸನೆ ಹತ್ತಿರ ಹತ್ತಿರ, ಅದಕ್ಕೆ ಹೆಸರೂ ಅಂಟಿಕೊಂಡಿತು.

2019ರ ಮೇನಲ್ಲಿ ಹತ್ತಿರದ ನರ್ಸರಿಯಿಂದ ಮೂರು ಕುಂಡ ತಂದೆ. ತಳಿ ಕೇಂಬ್ರಿಜ್ ಸ್ಕಾರ್ಲೆಟ್. ಚೀಟಿಯಲ್ಲಿ ಮೂರು ಮಾತು: ಬಹುವಾರ್ಷಿಕ, ಬಿಸಿಲು ಅಥವಾ ಅರೆನೆರಳು, ಜಿಂಕೆ ತಿನ್ನುವುದಿಲ್ಲ. ಬಹುವಾರ್ಷಿಕ ಅನ್ನುವುದನ್ನು ನಾನು "ನೆಟ್ಟು ಮರೆತುಬಿಡು" ಅಂತ ಓದಿಕೊಂಡೆ. ಬೇಲಿ ಪಕ್ಕ, ಮೇಪಲ್ ಮರದ ಕೆಳಗೆ, ಒಂದೊಂದು ಅಡಿ ಅಂತರದಲ್ಲಿ ಮೂರನ್ನೂ ಕೂರಿಸಿದೆ. ಆಗ ಅಲ್ಲಿ ಬೆಳಿಗ್ಗೆ ಮೂರು ನಾಲ್ಕು ಗಂಟೆ ಬಿಸಿಲು ಬೀಳುತ್ತಿತ್ತು. ಈಗ ಹೇಳುತ್ತಿದ್ದೇನೆ, ನಾನು ಓದಿಕೊಂಡದ್ದು, ಆರಿಸಿದ ಜಾಗ, ಬಿಟ್ಟ ಅಂತರ, ಮೂರೂ ತಪ್ಪು.

ಮೂರು ವರ್ಷ

ಮೊದಲ ವರ್ಷ ಎರಡೋ ಮೂರೋ ಹೂ. 2020ರಲ್ಲಿ ಮನೆಯಲ್ಲೇ ಕೂತಿದ್ದೆವಲ್ಲ, ಆ ಜುಲೈನಲ್ಲಿ ಅದು ಅರಳಿದ ಪರಿ ಹೇಳಬೇಕು. ಎದೆಯೆತ್ತರದ ಕಡ್ಡಿ, ತುದಿಯಲ್ಲಿ ಕೆಂಪು ಕೊಳವೆಗಳು ಚೆದುರಿದ ತಲೆ. ಅಡಿಗೆಮನೆ ಕಿಟಕಿಯಿಂದ ನೋಡುತ್ತಿದ್ದರೆ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಹಮ್ಮಿಂಗ್ ಬರ್ಡ್ ಬರುತ್ತಿತ್ತು. ರೂಬಿ ಥ್ರೋಟೆಡ್. ಅಮೆರಿಕದ ಪೂರ್ವ ಭಾಗದಲ್ಲಿ ಗೂಡು ಕಟ್ಟುವ ಹಮ್ಮಿಂಗ್ ಬರ್ಡ್ ಇದೊಂದೇ, ತೂಕ ಮೂರು ಗ್ರಾಂ ಆಸುಪಾಸು. ಹೂವಿನ ಮುಂದೆ ಗಾಳಿಯಲ್ಲೇ ನಿಂತು ಒಂದೊಂದೇ ಕೊಳವೆಗೆ ಕೊಕ್ಕು ತೂರಿಸುತ್ತದೆ. ಆಮೇಲೆ ಇದನ್ನು ನೋಡಿದ ಅಮ್ಮ "ನಮ್ಮ ಸೂರಕ್ಕಿ ಕಣೇ" ಅಂದಳು. ಒಂದು ನಿಮಿಷ ನೋಡಿ ತಾನೇ ತಿದ್ದಿಕೊಂಡಳು. "ಅಲ್ಲ, ಸೂರಕ್ಕಿ ಕೂತು ಕುಡಿಯುತ್ತೆ. ಇದಕ್ಕೆ ಕೂರೋಕೂ ಪುರುಸೊತ್ತಿಲ್ಲ."

ಹೆಸರಲ್ಲಿ ಬೀ ಇದ್ದರೂ ಕೆಂಪು ಬೀ ಬಾಮ್‌ಗೆ ಸಾಕುಜೇನು ಅಷ್ಟಾಗಿ ಬರುವುದಿಲ್ಲ. ಕೊಳವೆ ಉದ್ದ, ಅದರ ನಾಲಿಗೆ ತುದಿ ಮುಟ್ಟುವುದಿಲ್ಲ. ಬರುವುದು ದಪ್ಪ ದಪ್ಪ ಬಂಬಲ್ ಬೀ. ಜೇನುಗಳೇ ಬೇಕು ಅನ್ನುವವರು ನೇರಳೆ ಹೂವಿನ ಜಾತಿ ನೆಡುವುದು ಒಳ್ಳೆಯದು.

2021ರಲ್ಲಿ ಗಿಡ ಹರಡಿತು. ಬೇಲಿಯಾಚೆಗೂ ಎರಡು ಚಿಗುರು ಹೋಗಿದ್ದವು, ಪಕ್ಕದ ಮನೆಯವರು ಹುಲ್ಲಿನ ಜೊತೆ ಅವನ್ನೂ ಕತ್ತರಿಸಿದರು. ನಡುವೆ ಕೈ ತೂರಿಸಲೂ ಜಾಗವಿರಲಿಲ್ಲ. ನನಗೆ ಹೆಮ್ಮೆ. ಜುಲೈ ಮೊದಲ ವಾರ ಕೆಳಗಿನ ಎಲೆಗಳ ಮೇಲೆ ಯಾರೋ ರವೆ ಹಿಟ್ಟು ಜಾಡಿಸಿದ ಹಾಗೆ ಬಿಳಿ ಚುಕ್ಕೆ. ಹತ್ತು ದಿನದಲ್ಲಿ ಇಡೀ ಎಲೆ ಬೆಳ್ಳಗೆ, ಆಮೇಲೆ ಹಳದಿ, ಆಮೇಲೆ ಕಂದು. ಆಗಸ್ಟ್ ಬರುವಷ್ಟರಲ್ಲಿ ಬರೀ ಕಡ್ಡಿ, ತುದಿಯಲ್ಲಿ ನಾಲ್ಕು ಹೂ.

ಬೂದಿ ರೋಗ. ವಿಜಯಪುರದ ದ್ರಾಕ್ಷಿ ಬೆಳೆಗಾರರನ್ನು ಕೇಳಿ, ಈ ಹೆಸರು ಹೇಳಿದರೆ ನಿಟ್ಟುಸಿರು ಬಿಡುತ್ತಾರೆ. ಶಿಲೀಂಧ್ರ ಮಾತ್ರ ಒಂದೇ ಅಲ್ಲ. ಬೀ ಬಾಮ್‌ಗೆ ಬರುವುದು ಬೇರೆ, ದ್ರಾಕ್ಷಿಗೆ ಬರುವುದು ಬೇರೆ, ಸೌತೆ ಬಳ್ಳಿಗೆ ಬರುವುದು ಇನ್ನೂ ಬೇರೆ. ಇದು ಗೊತ್ತಿಲ್ಲದೆ ನಾನು ಪಕ್ಕದ ಸೌತೆ ಬಳ್ಳಿಗೂ ಹಬ್ಬುತ್ತೆ ಅಂತ ಹೆದರಿ ಒಂದು ವಾರ ನಿದ್ದೆಗೆಟ್ಟೆ.

ಮದ್ದಿನ ಹಿಂದೆ ಓಡಿದ್ದು

ಮೊದಲು ಅಡಿಗೆ ಸೋಡಾ ಕಲಸಿ ಸಿಂಪಡಿಸಿದೆ. ಜಾಸ್ತಿ ಹಾಕಿದೆ ಅಂತ ಕಾಣುತ್ತೆ, ಎಲೆಯ ಅಂಚು ಸುಟ್ಟಿತು. ಆಮೇಲೆ ಹಾಲು. ನಗಬೇಡಿ, ಇದಕ್ಕೆ ಆಧಾರ ಇದೆ. 1999ರಲ್ಲಿ ಬ್ರೆಜಿಲ್‌ನ ವಿಜ್ಞಾನಿಯೊಬ್ಬರು ಜುಕಿನಿ ಗಿಡಕ್ಕೆ ನೀರು ಬೆರೆಸಿದ ಹಾಲು ಸಿಂಪಡಿಸಿ ಬೂದಿ ರೋಗ ತಗ್ಗುವುದನ್ನು ತೋರಿಸಿದ್ದರು. ಆದರೆ ಅದು ರೋಗ ಶುರುವಾಗುವ ಮೊದಲಿಂದ ವಾರ ವಾರ ಮಾಡುವ ಕೆಲಸ. ನಾನು ಎಲೆಯೆಲ್ಲ ಬೆಳ್ಳಗಾದ ಮೇಲೆ ಹಾಲೆರೆದೆ. ಮೂರು ದಿನ ಹಿತ್ತಲು ಹುಳಿ ವಾಸನೆ ಹೊಡೆಯಿತು, ರೋಗ ಇದ್ದಲ್ಲೇ ಇತ್ತು. ಬೇವಿನೆಣ್ಣೆ ತಂದಿದ್ದೆ, ಹೂವಿನ ತುಂಬ ಬಂಬಲ್ ಬೀ ಇರುವಾಗ ಎಣ್ಣೆ ಹೊಡೆಯಲು ಮನಸ್ಸು ಬರಲಿಲ್ಲ. ಬಾಟಲಿ ಈಗಲೂ ಗ್ಯಾರೇಜಿನಲ್ಲಿ ಗಟ್ಟಿಯಾಗಿ ಕೂತಿದೆ.

ಎಲೆ ಒದ್ದೆಯಾಗಬಾರದು, ಒದ್ದೆಯಾದರೆ ಬೂದಿ ರೋಗ ಬರುತ್ತೆ ಅಂತ ಎಲ್ಲರೂ ಹೇಳಿದರು. ನಾನೂ ಸ್ಪ್ರಿಂಕ್ಲರ್ ನಿಲ್ಲಿಸಿದೆ. ರೋಗ ಇನ್ನೂ ಜಾಸ್ತಿಯಾಯಿತು! ಇಲ್ಲೇ ನನಗೆ ಅನುಮಾನ ಹುಟ್ಟಿದ್ದು. ಓದಿದ ಮೇಲೆ ಗೊತ್ತಾಯಿತು: ಬಹಳಷ್ಟು ಎಲೆರೋಗಗಳಿಗೆ ಎಲೆ ಮೇಲೆ ನೀರು ನಿಲ್ಲಬೇಕು, ಬೂದಿ ರೋಗಕ್ಕೆ ಬೇಡ. ಅದರ ಬೀಜಾಣು ಒಣ ಎಲೆಯ ಮೇಲೇ ಮೊಳೆಯುತ್ತದೆ, ನೀರು ನಿಂತರೆ ಅದಕ್ಕೇ ತೊಂದರೆ. ಅದಕ್ಕೆ ಬೇಕಾದ್ದು ಗಾಳಿಯಾಡದ ಸಂದಿಯಲ್ಲಿ ನಿಂತ ತೇವದ ಗಾಳಿ, ನೆರಳು, ಮತ್ತು ಬೇರಿಗೆ ನೀರು ಸಾಲದೆ ಸೋತ ಗಿಡ. ಮೂರನ್ನೂ ನಾನೇ ಒದಗಿಸಿದ್ದೆ.

ನೀರಿನ ವಿಷಯ ಪರೀಕ್ಷಿಸಲು ಒಂದು ಉದ್ದ ಸ್ಕ್ರೂಡ್ರೈವರ್ ತಂದು ಮಣ್ಣಿಗೆ ಚುಚ್ಚಿದೆ. ಒಂದು ಇಂಚು ಸಲೀಸಾಗಿ ಹೋಯಿತು, ಅಲ್ಲಿಗೆ ನಿಂತಿತು. ಸುತ್ತಿಗೆಯಿಂದ ಹೊಡೆಯಬೇಕಿತ್ತು. ಅಗೆದರೆ ಕೆಳಗೆಲ್ಲ ಮೇಪಲ್ ಮರದ ಬೇರಿನ ಜಾಲ, ಬುಟ್ಟಿ ಹೆಣೆದ ಹಾಗೆ. ದಿನಾ ಸಂಜೆ ಹತ್ತು ನಿಮಿಷ ಹಾಕಿದ ನೀರನ್ನು ಮರ ಕುಡಿಯುತ್ತಿತ್ತು, ನನ್ನ ಗಿಡಕ್ಕೆ ತುಂತುರು ಮಾತ್ರ. ಸಾಲದ್ದಕ್ಕೆ ಹುಲ್ಲಿಗೆ ಹಾಕಿ ಮಿಕ್ಕ ಸಾರಜನಕದ ಗೊಬ್ಬರವನ್ನು ಸುಮ್ನೆ ಬೀ ಬಾಮ್‌ಗೂ ಎರಚಿದ್ದೆ. ಮೆತ್ತಗೆ ಕೊಬ್ಬಿದ ಎಲೆ ಬೂದಿ ರೋಗಕ್ಕೆ ಹಬ್ಬದೂಟ.

ಅಮ್ಮನ ಗುದ್ದಲಿ

ಇಷ್ಟೆಲ್ಲ ಗೊತ್ತಾಗಿದ್ದರೂ 2022ರ ವಸಂತದಲ್ಲಿ ನನ್ನ ತೀರ್ಮಾನ ಗಿಡ ಕಿತ್ತು ಎಸೆಯುವುದೇ ಆಗಿತ್ತು. ಅಮ್ಮ ಬಗ್ಗಿ ಒಂದು ಚಿಗುರು ಮುರಿದಳು. ಕಡ್ಡಿಯನ್ನು ಎರಡು ಬೆರಳ ನಡುವೆ ಹೊರಳಿಸಿದಳು.

"ಚೌಕ ಕಡ್ಡಿ. ತುಳಸಿ ಜಾತಿ ಕಣೇ ಇದು." ಮೂಸಿದಳು. "ದೊಡ್ಡಪತ್ರೆ! ಅಲ್ಲ, ಓಮ. ಎರಡೂ."

ಅವಳು ಹೇಳಿದ್ದು ಪೂರ್ತಿ ಸರಿ. ತುಳಸಿ, ಪುದೀನ, ತುಂಬೆ, ದೊಡ್ಡಪತ್ರೆ, ಬೀ ಬಾಮ್ ಎಲ್ಲ ಒಂದೇ ಕುಟುಂಬ. ಓಮದ ಘಾಟಿಗೆ ಕಾರಣವಾದ ಥೈಮಾಲ್ ಬೀ ಬಾಮ್ ಗಿಡಗಳಲ್ಲೂ ಇದೆ.

"ಅಮ್ಮಾ, ಇದು ಸತ್ತುಹೋಗ್ತಿದೆ. ನಡುವೆ ನೋಡು."

"ಸಾಯೋದೇನು? ಸೇವಂತಿಗೆ ಮಡೀಲಿ ಏನ್ ಮಾಡ್ತೀವಿ? ಹೂವಾದ ಮೇಲೆ ತಾಯಿ ಬುಡ ಬಿಟ್ಟು ಸುತ್ತ ಬಂದ ಹಿಳ್ಳು ಕಿತ್ತು ಬೇರೆ ಕಡೆ ನೆಡಲ್ವಾ? ಇದಕ್ಕೆ ಮೂರು ವರ್ಷದಿಂದ ಯಾರೂ ಮಾಡಿಲ್ಲ, ತಾನೇ ನಡ್ಕೊಂಡು ಹೋಗಿದೆ."

ಬೀ ಬಾಮ್ ಬಗ್ಗೆ ಇದಕ್ಕಿಂತ ಚೆನ್ನಾಗಿ ಯಾವ ನರ್ಸರಿ ಚೀಟಿಯೂ ಹೇಳಿಲ್ಲ. ಗಿಡ ಪ್ರತಿ ವರ್ಷ ಮಣ್ಣಿನ ಮೇಲ್ಪದರದಲ್ಲೇ ಬೇರುಕಾಂಡ ಚಾಚಿ ಹೊರಕ್ಕೆ ಸರಿಯುತ್ತದೆ. ಹಿಂದೆ ಬಿಟ್ಟ ಜಾಗ ಗಟ್ಟಿ ಕಟ್ಟಿಗೆಯಾಗಿ ಸಾಯುತ್ತದೆ. ಬಹುವಾರ್ಷಿಕ ಹೌದು, ಆದರೆ ಒಂದೇ ಜಾಗದಲ್ಲಿ ಅಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಎಬ್ಬಿಸಿ, ಒಡೆದು, ಮತ್ತೆ ನೆಡಬೇಕು.

ಅವತ್ತೇ ಮಾಡಿದೆವು. ಚಿಗುರು ಎರಡು ಮೂರು ಇಂಚು ಇತ್ತು, ಅದೇ ಸರಿಯಾದ ಹೊತ್ತು. ಹಿಂದಿನ ಸಂಜೆ ಮಳೆ ಬಂದು ಮಣ್ಣು ಮೆತ್ತಗಿತ್ತು. ಬಳೆಯ ಹೊರಗಿನಿಂದ ಸನಿಕೆ ಇಳಿಸಿ ಮೇಲೆತ್ತಿದರೆ ಚಾಪೆ ಎತ್ತಿದ ಹಾಗೆ ಬಂತು. ಬೇರೆಲ್ಲ ಮೇಲೆಯೇ, ಮೂರು ಇಂಚಿನ ಕೆಳಗೆ ಹೆಚ್ಚೇನೂ ಇಲ್ಲ. ಬಿಳಿ ಬಿಳಿ ದಾರದಂಥ ಬೇರುಕಾಂಡ, ಗೆಣ್ಣು ಗೆಣ್ಣಿಗೆ ಚಿಗುರು. ಕತ್ತಿ ಬೇಕಾಗಲೇ ಇಲ್ಲ, ಕೈಯಲ್ಲೇ ಬಿಡಿಸಿದಳು ಅಮ್ಮ. ಒಂದೊಂದು ತುಂಡಿನಲ್ಲಿ ನಾಲ್ಕೈದು ಚಿಗುರು ಇರುವ ಹಾಗೆ. ಹದಿನಾಲ್ಕು ತುಂಡು ಆದವು. ನಡುವಿನ ಕಟ್ಟಿಗೆ ಬುಡ ಕಸಕ್ಕೆ ಹೋಯಿತು, ಗೊಬ್ಬರದ ಗುಂಡಿಗಲ್ಲ. ಹಳೇ ಎಲೆ, ಕಡ್ಡಿ, ಮೊಗ್ಗುಗಳಲ್ಲೇ ಬೂದಿ ರೋಗ ಚಳಿಗಾಲ ಕಳೆಯುತ್ತದೆ.

ಎರಡು ಜಾಗ, ಒಂದೇ ಗಿಡ

ಏಳು ತುಂಡನ್ನು ಮನೆಯ ದಕ್ಷಿಣಕ್ಕೆ ನೆಟ್ಟೆ. ಅಲ್ಲಿ ದಿನಕ್ಕೆ ಏಳು ಗಂಟೆ ಬಿಸಿಲು, ಗಾಳಿಯೂ ಚೆನ್ನಾಗಿ ಆಡುತ್ತದೆ. ಎರಡೆರಡು ಅಡಿ ಅಂತರ. ಅಮ್ಮನಿಗೆ ಅದು ದುಂದು ಅನ್ನಿಸಿತು, "ಇಷ್ಟು ಜಾಗದಲ್ಲಿ ಹರಿವೆ ಬಿತ್ತಬಹುದಿತ್ತು" ಅಂದಳು. ಬಿತ್ತಿದಳು ಕೂಡ, ಜೂನ್‌ವರೆಗೆ ಹರಿವೆ ಹುಳಿ ತಿಂದೆವು. ನಾಲ್ಕು ತುಂಡು ಹಳೇ ಜಾಗಕ್ಕೇ, ಇಲ್ಲೂ ಎರಡಡಿ ಅಂತರ, ಕಾಂಪೋಸ್ಟ್ ಸೇರಿಸಿ. ಉಳಿದ ಮೂರು ತುಂಡು ಸ್ನೇಹಿತರಿಗೆ. ಎರಡೂ ಕಡೆ ವಾರಕ್ಕೊಮ್ಮೆ ಸೋಕರ್ ಹೋಸ್‌ನಲ್ಲಿ (ಉದ್ದಕ್ಕೂ ನೀರು ಜಿನುಗುವ ಪೈಪು) ನಿಧಾನವಾಗಿ, ಒಂದಿಂಚು ಮಳೆಗೆ ಸಮನಾದ ನೀರು. ಹುಲ್ಲಿನ ಗೊಬ್ಬರ ಬಂದ್.

ಮೇ ಕೊನೆಯಲ್ಲಿ ಇನ್ನೊಂದು ಕೆಲಸ ಮಾಡಿದೆ. ಮೊಣಕಾಲೆತ್ತರ ಬಂದ ಕಡ್ಡಿಗಳಲ್ಲಿ ಮೂರಕ್ಕೊಂದನ್ನು ಬುಡದಲ್ಲೇ ಕತ್ತರಿಸಿ ತೆಗೆದೆ. ಕತ್ತರಿ ಹಿಡಿದಾಗ ಹೊಟ್ಟೆ ಉರಿಯಿತು. ಆದರೆ ಗಾಳಿಯಾಡಲು ಇದಕ್ಕಿಂತ ನೇರವಾದ ದಾರಿ ಇಲ್ಲ. ಮುಂದಿನ ಸಾಲಿನ ಕಡ್ಡಿಗಳ ತುದಿ ಚಿವುಟಿದೆ, ಅವು ಗಿಡ್ಡವಾಗಿ ಬೆಳೆದು ಎರಡು ವಾರ ತಡವಾಗಿ ಅರಳಿದವು. ಹಾಗಾಗಿ ಹೂವಿನ ಕಾಲ ಆಗಸ್ಟ್ ಮಧ್ಯದವರೆಗೂ ಎಳೆಯಿತು.

ಕತ್ತರಿಸಿದ ಚಿಗುರು ಅಡಿಗೆಮನೆ ಸೇರಿತು. ಅಮ್ಮ ಹತ್ತು ಎಳೆ ಎಲೆ, ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿ ಜೊತೆ ರುಬ್ಬಿ, ಮಜ್ಜಿಗೆ ಸೇರಿಸಿ ತಂಬುಳಿ ಮಾಡಿದಳು. ಮೊದಲ ಸಲ ಘಾಟು ಹೆಚ್ಚಾಯಿತು. ಎರಡನೇ ಸಲ ಐದೇ ಎಲೆ, ಅನ್ನಕ್ಕೆ ಕಲಸಿದರೆ ದೊಡ್ಡಪತ್ರೆ ತಂಬುಳಿಗೆ ತೀರ ಹತ್ತಿರ. ಒಂದು ಎಚ್ಚರಿಕೆ. ನರ್ಸರಿಯಿಂದ ಈಗಷ್ಟೇ ತಂದ ಗಿಡದ ಎಲೆ ತಿನ್ನಬೇಡಿ. ಅಂದದ ಗಿಡ ಅಂತ ಮಾರುವುದಕ್ಕೆ ಕೀಟನಾಶಕ ಹಾಕಿರಬಹುದು. ನಮ್ಮದು ಮೂರು ವರ್ಷ ಹಳೆಯದು, ಆ ವಸಂತದಲ್ಲಿ ಏನೂ ಸಿಂಪಡಿಸಿರಲಿಲ್ಲ.

ಫಲ? ಹಳೇ ಜಾಗದಲ್ಲಿ ಬೂದಿ ಕಾಣಿಸಿದ್ದು ಜುಲೈ ಮೂರನೇ ವಾರ. ಹಿಂದಿನ ವರ್ಷಕ್ಕಿಂತ ಎರಡು ವಾರ ತಡ, ಹೂವಂತೂ ಆಯಿತು. ದಕ್ಷಿಣದ ಮಡಿಯಲ್ಲಿ ಆಗಸ್ಟ್ ಹತ್ತರ ನಂತರ, ಅದೂ ಬುಡದ ಎಲೆಗಳಲ್ಲಿ ಮಾತ್ರ. ಅಷ್ಟರಲ್ಲಿ ಹೂ ಮುಗಿಯುತ್ತಾ ಬಂದಿತ್ತು. ಕಡ್ಡಿಗಳನ್ನು ಒಂದಡಿಗೆ ಕತ್ತರಿಸಿ ರೋಗದ ಎಲೆಗಳನ್ನೆಲ್ಲ ಬಳಿದು ತೆಗೆದೆ. ಕಡ್ಡಿ ಉಳಿಸಿದ್ದು ಬೇಕೆಂದೇ. ಟೊಳ್ಳು ಕಡ್ಡಿಯೊಳಗೆ ಒಂಟಿಯಾಗಿ ಬಾಳುವ ಸಣ್ಣ ಜೇನುಗಳು ಗೂಡು ಮಾಡುತ್ತವೆ.

ರೋಗ ಪೂರ್ತಿ ಹೋಗಲಿಲ್ಲ ಅನ್ನುವುದನ್ನು ಒತ್ತಿ ಹೇಳಬೇಕು. ಕೇಂಬ್ರಿಜ್ ಸ್ಕಾರ್ಲೆಟ್ ಹಳೇ ತಳಿ, ಬೂದಿ ರೋಗ ಅದಕ್ಕೆ ಬೇಗ ಹತ್ತುತ್ತದೆ. ಷಿಕಾಗೊ ಬೊಟಾನಿಕ್ ಗಾರ್ಡನ್‌ನವರು 1990ರ ದಶಕದಲ್ಲಿ ಬೀ ಬಾಮ್ ತಳಿಗಳನ್ನು ಅಕ್ಕಪಕ್ಕ ಬೆಳೆಸಿ ಹೋಲಿಸಿದ್ದರು. ಮಾರ್ಷಲ್ಸ್ ಡಿಲೈಟ್, ರಾಸ್‌ಬೆರಿ ವೈನ್‌ನಂಥ ಕೆಲವು ಚೆನ್ನಾಗಿ ತಡೆದುಕೊಂಡವು, ಬಹಳಷ್ಟು ತಡೆಯಲಿಲ್ಲ. ನಾನು 2023ರಲ್ಲಿ ಜೇಕಬ್ ಕ್ಲೈನ್ ಎರಡು ಗಿಡ ತಂದು ದಕ್ಷಿಣದ ಮಡಿಯ ತುದಿಯಲ್ಲಿ ಇಟ್ಟೆ. ಇದೂ ಕೆಂಪು, ಎತ್ತರ ಜಾಸ್ತಿ. ಕೆನಡಾದ ಕಾಡ್ಗಿಚ್ಚಿನ ಹೊಗೆ ಬಂದು ನಮ್ಮ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿದ ಜೂನ್ ಅದು, ಮಾಸ್ಕ್ ಹಾಕಿಕೊಂಡು ನೀರು ಹಾಕಿದೆ. ಆ ಬೇಸಿಗೆಯಲ್ಲೂ ಮುಂದಿನ ಬೇಸಿಗೆಯಲ್ಲೂ ಜೇಕಬ್ ಕ್ಲೈನ್ ಎಲೆ ಹಸಿರಾಗಿಯೇ ಇತ್ತು, ಪಕ್ಕದ ಕೇಂಬ್ರಿಜ್ ಸ್ಕಾರ್ಲೆಟ್ ಬೆಳ್ಳಗಾದರೂ. ಹೊಸದಾಗಿ ಕೊಳ್ಳುವವರಿಗೆ ನನ್ನ ಮಾತು ಇಷ್ಟೇ: ತಳಿಯ ಹೆಸರು ಕೇಳಿ ಕೊಳ್ಳಿ. ಮದ್ದಿಗೆ ಹಾಕುವ ದುಡ್ಡು ಉಳಿಯುತ್ತೆ.

ಹಳೇ ಜಾಗವನ್ನು 2023ರ ಶರತ್ಕಾಲದಲ್ಲಿ ಕೈಬಿಟ್ಟೆ. ಮೇಪಲ್ ಮರದ ಜೊತೆ ನೀರಿಗೆ ಜಗಳವಾಡಿ ಗೆಲ್ಲುವವರಿಲ್ಲ.

ಬೆಂಗಳೂರಿನಲ್ಲಿರುವ ತಂಗಿ ಬೀಜ ತಂದುಕೊಡು ಅಂತ ಕೇಳುತ್ತಲೇ ಇದ್ದಾಳೆ. ತಪಾಸಣೆ ಪತ್ರ ಇಲ್ಲದೆ ಸೂಟ್‌ಕೇಸಿನಲ್ಲಿ ಬೀಜ ಒಯ್ಯುವ ಹಾಗಿಲ್ಲ, ಅದು ಒಂದು. ಚಳಿಗಾಲದಲ್ಲಿ ನೆಲದ ಮೇಲೆ ಸತ್ತು ಕೆಳಗೆ ಮಲಗುವ ಗಿಡ ಇದು, ಆ ಚಳಿ ಬೆಂಗಳೂರಲ್ಲಿ ಎಲ್ಲಿಂದ ತರುವುದು? ತುಳಸಿ ಕದಿರು ಕೀಳದೆ ಬಿಡು, ಜೇನು ತಾನೇ ಬರುತ್ತೆ ಅಂತ ಹೇಳಿದ್ದೇನೆ. ಅವಳಿಗೆ ಸಮಾಧಾನವಿಲ್ಲ.

2024, 2025

2024ರ ಅಕ್ಟೋಬರ್ ನ್ಯೂಜೆರ್ಸಿಯಲ್ಲಿ 1895ರಿಂದ ಇರುವ ದಾಖಲೆಯಲ್ಲೇ ಅತಿ ಒಣ ತಿಂಗಳು. ನವೆಂಬರ್‌ನಲ್ಲಿ ರಾಜ್ಯ ಬರದ ಎಚ್ಚರಿಕೆ ಹೊರಡಿಸಿತು. ಹೂ ಮುಗಿದ ಗಿಡಕ್ಕೆ ನೀರೇಕೆ ಅಂತ ನಾನು ಸೆಪ್ಟೆಂಬರ್‌ನಲ್ಲೇ ಹೋಸ್ ಸುತ್ತಿ ಇಟ್ಟಿದ್ದೆ. ಅದು ನನ್ನ ಇನ್ನೊಂದು ತಪ್ಪು. ಮುಂದಿನ ವರ್ಷದ ಚಿಗುರು ಹೊರುವ ಬೇರುಕಾಂಡ ಇರುವುದು ಮೇಲಿನ ಮೂರು ಇಂಚಿನಲ್ಲಿ. ಮಣ್ಣು ಒಣಗಿದಾಗ ಮೊದಲು ಸಾಯುವುದೂ ಅದೇ.

2025ರ ಏಪ್ರಿಲ್‌ನಲ್ಲಿ ದಕ್ಷಿಣದ ಮಡಿಯಲ್ಲಿ ಏಳರಲ್ಲಿ ನಾಲ್ಕು ಬುಡ ಚಿಗುರಿದವು, ಜೇಕಬ್ ಕ್ಲೈನ್ ಎರಡೂ ಬಂದವು. ಅಮ್ಮನಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸಿದೆ. ಫೋನನ್ನು ನೆಲದ ಹತ್ತಿರ ಹಿಡಿ ಅಂದಳು.

"ಇನ್ನೂ ಹತ್ರ. ಹಾಂ. ನಡು ಬೋಳಾಗಿದ್ಯಲ್ಲೇ. ಎಷ್ಟು ವರ್ಷ ಆಯ್ತು?"

"ಮೂರು."

"ಮತ್ತೆ? ಸನಿಕೆ ಎಲ್ಲಿಟ್ಟಿದೀಯ?"

ಅಮ್ಮ ಫೋನಿನೊಳಗೆ ಕೂತು ಹೇಳುತ್ತಿದ್ದ ಹಾಗೆ ಒಡೆದೆ. ಈ ಸಲ ಒಂಬತ್ತು ತುಂಡು. ಆರನ್ನು ನೆಟ್ಟೆ, ಅಡಿಯಲ್ಲಿ ಚೂರು ಎಲೆಗೊಬ್ಬರ, ಮೇಲೆ ಒಂದಿಂಚು ಮಲ್ಚ್ ಹೊದಿಕೆ, ಬುಡ ಮುಚ್ಚದ ಹಾಗೆ. ಉಳಿದ ಮೂರನ್ನು ಮೊಸರಿನ ಡಬ್ಬಕ್ಕೆ ತೂತು ಮಾಡಿ ಇಟ್ಟಿದ್ದೆ. ಒಂದನ್ನು ಬೇಲಿಯಾಚೆಯ ಪಕ್ಕದ ಮನೆಯವರು ಕೇಳಿ ತೆಗೆದುಕೊಂಡರು, ಹಿಂದೆ ಹುಲ್ಲಿನ ಜೊತೆ ಕತ್ತರಿಸಿದವರೇ.